ಎಮ್ಮೆ ಬ್ಯಾಂಕಿಗೆ ಬಂದ ಪುಟ

ಟೀಚರ್ ಗಾರು ನಕ್ಕರೆ ಮುಖ ನೋಡಿ ಗೊತ್ತಾಗುತ್ತಿರಲಿಲ್ಲ. ತುಟಿ ಬಿಗಿದೇ ಇರುತ್ತಿತ್ತು. ಹೊಟ್ಟೆ ಕುಲುಕಿ ಮಂಗಳಗಿರಿ ಸೀರೆಯ ನೆರಿಗೆ ಮಾತ್ರ ಅಲುಗುತ್ತಿತ್ತು. ತೆಲುಗು ಸೀಮೆಯ ಗಾಜುವಾಕದಲ್ಲಿ ನಮ್ಮ ಎದುರು ಫ್ಲ್ಯಾಟಿನವರು. ಒಂದನೇ ಕ್ಲಾಸಿಗೆ ಪಾಠ ಹೇಳುತ್ತಲೇ ರಿಟೈರ್ ಆದವರು.

ನಮ್ಮ ಯಜಮಾನರಿಗೆ ಸ್ಟ್ರೋಕ್ ಆಗಿ ಮಾತು, ಓದು ಎರಡೂ ಹೋಗಿದ್ದ ಕಾಲ ಅದು. ಮೈಸೂರಿನಿಂದ ಬ್ಯಾಂಕಿನ ಟ್ರಾನ್ಸ್‌ಫರ್ ಮೇಲೆ ಬಂದು ಇಲ್ಲೇ ನಿಂತವರು. ಪೇಪರನ್ನು ಟೆಂಡರ್ ನೋಟಿಸ್ ಸಮೇತ ಓದುತ್ತಿದ್ದ ಮನುಷ್ಯ. ಈಗ ಅದನ್ನೇ ತಲೆಕೆಳಗಾಗಿ ಹಿಡಿದು ಕೂರುತ್ತಿದ್ದರು. ತಿರುಗಿಸಿ ಕೊಟ್ಟರೆ ಕಣ್ಣಲ್ಲಿ ನೀರು. ಥೆರಪಿಸ್ಟ್ ಹುಡುಗಿ "ಪ್ರೋಗ್ರೆಸ್ ಸ್ಲೋ ಮೇಡಂ" ಎನ್ನುತ್ತಲೇ ಬರುವುದನ್ನು ಬಿಟ್ಟಳು. ನಾನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಕಾನ್ವೆಂಟಿನಲ್ಲಿ ಕಲಿತ ಪ್ರೇಯರ್‌ಗಳೆಲ್ಲ ಮುಗಿದುಹೋಗಿದ್ದವು.

ಟೀಚರ್ ಗಾರು ಒಂದು ದಿನ ಮಕ್ಕಳ ಪುಸ್ತಕ ತಂದರು. ಪುಟಕ್ಕೊಂದು ತಮಾಷೆಯ ಚಿತ್ರ, ಕೆಳಗೆ ಒಂದೇ ಸಾಲು ತೆಲುಗು. ಇವರು ಎಡಗೈಯಲ್ಲಿ ಎತ್ತಿ ಎಸೆದರು. ನನಗೂ ಅವಮಾನವಾಯಿತು.

"ಇವರೇನು ಎಲ್‌ಕೆಜಿನಾ, ಟೀಚರ್ ಗಾರು?"

"ಎಲ್‌ಕೆಜಿನೇ ಅಮ್ಮಾ. ಪಾಸಾಗ್ತಾರೆ ಬಿಡಿ," ಎಂದರು ತೆಲುಗಿನಲ್ಲಿ, ಪುಸ್ತಕ ಎತ್ತಿಕೊಳ್ಳುತ್ತ.

ಅವರದೊಂದು ಪದ್ಧತಿ. ಹಳೇ ಮದುವೆ ಕಾರ್ಡು ಕತ್ತರಿಸಿದ ಪಟ್ಟಿಯಿಂದ ಸಾಲನ್ನು ಮುಚ್ಚಿ ಚಿತ್ರ ಮಾತ್ರ ತೋರಿಸುವುದು. ಓದುವವರಿಗೆ ನಗು ಬರುವ ತನಕ ಪಟ್ಟಿ ಸರಿಯುವುದಿಲ್ಲ. ನಾನು ಆತುರಕ್ಕೆ ಇವರಿಗೆ "ಇದೇನು, ಹೇಳಿ" ಎಂದರೆ ಟೀಚರ್ ಗಾರು ನನ್ನ ಕೈ ಹಿಡಿದುಬಿಡುತ್ತಿದ್ದರು. "ನವ್ವನೀಂಡಿ." ನಗಲಿಕ್ಕೆ ಬಿಡಿ.

ಕನ್ನಡದ ಸಾಲು ಬರೆದು ತೆಲುಗಿನ ಮೇಲೆ ಅಂಟಿಸುವುದು ನನ್ನ ಡ್ಯೂಟಿ. ಕೊಡೆ ಹಿಡಿದ ಎಮ್ಮೆಯೊಂದು ಬ್ಯಾಂಕ್ ಕೌಂಟರಿನಲ್ಲಿ ನಿಂತು ಚೀಟಿ ಮೇಯುತ್ತಿತ್ತು. "ಮಹಿಷವು ವಿತ್ತಕೋಶಕ್ಕೆ ಆಗಮಿಸಿತು" ಎಂದು ಬರೆದೆ. ಪುಸ್ತಕದ ಕನ್ನಡ ಹಾಗೇ ಇರಬೇಕೆಂದು ಕಾನ್ವೆಂಟಿನವಳ ತಿಳುವಳಿಕೆ. ಟೀಚರ್ ಗಾರು ನನ್ನಿಂದ ಓದಿಸಿ ಕೇಳಿದರು.

"ಮನೇಲಿ ಸಾರ್ ಹತ್ರ ಹೀಗೇ ಮಾತಾಡ್ತಿದ್ರಾ? ಹಾಗಾದ್ರೆ ಅವರು ಬಾಯಿ ಮುಚ್ಕೊಂಡಿದ್ದೇ ಸರಿ." ನೆರಿಗೆ ಅಲುಗಿತು.

ಕಿತ್ತು, "ಎಮ್ಮೆ ಬ್ಯಾಂಕಿಗೆ ಬಂತು" ಎಂದು ಅಂಟಿಸಿದೆ.

ದಿನಗಳು ಹೋದವು. ಇವರು ಆ ಎಮ್ಮೆಯನ್ನು ಗೋಡೆ ನೋಡಿದಂತೆ ನೋಡುತ್ತಿದ್ದರು. ಹೋಪ್‌ಲೆಸ್ ಎಂದುಕೊಂಡು ನಾನು ಅಡುಗೆಮನೆ ಸೇರುತ್ತಿದ್ದೆ. ಒಂದು ಸಂಜೆ ಹಾಲ್‌ನಿಂದ ಕೆಮ್ಮಿನಂಥ ಸದ್ದು. ಮತ್ತೆ ಸ್ಟ್ರೋಕ್ ಎಂದೇ ಓಡಿಬಂದೆ. ಇವರು ನಗುತ್ತಿದ್ದರು. ಎಮ್ಮೆಯೆದುರು ಕನ್ನಡಕ ಜಾರಿಸಿ ಕುಳಿತ ಆಫೀಸರನ ಮೇಲೆ ಬೆರಳಿಟ್ಟು, ಆಮೇಲೆ ತಮ್ಮ ಎದೆ ಮುಟ್ಟಿಕೊಂಡರು. ಟೀಚರ್ ಗಾರು ಪಟ್ಟಿ ಸರಿಸಿದರು.

"ಎ... ಎಮ್ಮೆ."

ಇಷ್ಟು ವರ್ಷ ಸಂಸಾರ ಮಾಡಿದ ನನ್ನ ಹೆಸರಲ್ಲ, ಎಮ್ಮೆ. ನನಗೆ ಅಷ್ಟೇ ಸಾಕಾಗಿತ್ತು.

ನಿಧಾನಕ್ಕೆ ಆ ಸಾಲು ಪೂರ್ತಿ ಬಂತು. ಮುಂದಿನದು ಬರಲಿಲ್ಲ. ಅಷ್ಟರಲ್ಲಿ ಟೀಚರ್ ಗಾರುಗೆ ಹುಷಾರು ತಪ್ಪಿ ವಿಜಯವಾಡದ ಮಗಳ ಮನೆಗೆ ಹೋದರು. "ಬಂದು ಮುಂದಿನ ಪುಟ ಮಾಡಿಸ್ತೀನಿ" ಎಂದಿದ್ದರು. ಬಂದದ್ದು ಮಗಳ ಫೋನು.

ಟ್ರೇನಿನಲ್ಲಿ ಇವರನ್ನೂ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಪುಸ್ತಕ ತೊಡೆಯ ಮೇಲೆ. ಅಲ್ಲಿ ಟೀಚರ್ ಗಾರುವನ್ನು ಹಾಲ್‌ನಲ್ಲಿ ಮಲಗಿಸಿದ್ದರು, ಮಂಗಳಗಿರಿ ಸೀರೆ ಉಡಿಸಿ. ಇವರು ಪಕ್ಕದಲ್ಲಿ ಕೂತು, ಆ ಪುಟ ತೆರೆದು, ಅವರ ಮುಖದೆದುರು ಹಿಡಿದು ಗಟ್ಟಿಯಾಗಿ ಓದಿದರು. "ಎಮ್ಮೆ ಬ್ಯಾಂಕಿಗೆ ಬಂತು." ಓದಿ ನಕ್ಕರು, ತಡೆಯಲಾರದ ಹಾಗೆ. ಅಳುತ್ತಿದ್ದ ಹೆಂಗಸರು ತಿರುಗಿ ನೋಡಿದರು.

"ರೀ, ಪ್ಲೀಸ್," ಎಂದು ಇವರ ಬಾಯಿ ಮುಚ್ಚಲು ಹೋದೆ. ಮಗಳು ನನ್ನ ಕೈ ಹಿಡಿದಳು.

"ನವ್ವನೀಂಡಿ, ಆಂಟಿ."

ಇವರು ನಗು ನಿಲ್ಲಿಸಿ ಆ ಸೀರೆಯ ನೆರಿಗೆಯನ್ನೇ ನೋಡುತ್ತ ಕಾದರು. ಅಲುಗದೇ ಇದ್ದಾಗ ಮತ್ತೊಮ್ಮೆ ಓದಿದರು, ಇನ್ನೂ ಗಟ್ಟಿಯಾಗಿ.