ಹಾಲಮ್ಮ ಕೂರುವ ಸೀಟು

ಸೊರಬದ ರಸ್ತೆ ಬದಿಯ ಶೆಡ್ಡಿಗೆ ಸ್ಟೇರಿಂಗ್ ಕಂಪ್ಲೇಂಟಿನ ಗಾಡಿ ಬಂದಾಗಲೆಲ್ಲ ಮೆಕ್ಯಾನಿಕ್ ಚೌಡಪ್ಪ ಹೆಂಡತಿಯನ್ನು ಕೂಗುತ್ತಾನೆ. ಹಿಂದಿನ ಮನೆಯಿಂದ ಹಾಲಮ್ಮ ಗ್ಯಾಸ್ ಸಣ್ಣ ಮಾಡಿ, ಗೊಣಗುತ್ತಲೇ ಬಂದು ಡ್ರೈವರ್ ಸೀಟು ಹತ್ತುತ್ತಾಳೆ.

ಅಂದು ಬಂದದ್ದು ಕುಪ್ಪಗಡ್ಡೆಯ ಗಣಪಯ್ಯನವರ ಹಳೆಯ ಫೋರ್ ವೀಲ್ ಪಿಕಪ್. ಎಷ್ಟು ನೆಟ್ಟಗೆ ಹಿಡಿದರೂ ರಸ್ತೆಯ ಮೇಲೆ ಅತ್ತಿತ್ತ ಓಲಾಡುತ್ತಿತ್ತು.

"ಜಾಕ್ ಹಾಕಲ್ವೇನಪ್ಪ?" ಎಂದರು ಗಣಪಯ್ಯ.

"ಚಕ್ರ ನೆಲದ ಮೇಲಿದ್ರೇ ಲೂಸ್ ಎಲ್ಲಿದೆ ಅಂತ ಗೊತ್ತಾಗೋದು," ಎಂದು ಚೌಡಪ್ಪ ಗಾಡಿಯಡಿ ಮಲಗಿ ಒಂದೊಂದೇ ಜಾಯಿಂಟಿನ ಮೇಲೆ ಕೈಯಿಟ್ಟ. ಅವನು "ಎಡಕ್ಕೆ", "ಬಲಕ್ಕೆ" ಎಂದಂತೆ ಹಾಲಮ್ಮ ಸ್ಟೇರಿಂಗ್ ಅಲುಗಿಸಿದಳು. ರಾಡು ಅಲುಗಿದರೂ ಚಕ್ರ ಒಂದು ಕ್ಷಣ ತಡವಾಗಿ ತಿರುಗುತ್ತಿತ್ತು. ರಾಡನ್ನೂ ಚಕ್ರವನ್ನೂ ಜೋಡಿಸುವ ಟೈರಾಡ್ ಎಂಡ್ ಸವೆದಿತ್ತು. ಹೊಸದು ಹಾಕಿ, ಪರೀಕ್ಷೆಗೆ ಮತ್ತೆ ಅವಳನ್ನೇ ಕೂರಿಸಿ ತಾನು ಗಾಡಿಯಡಿ ಸರಿದ.

"ಚೆನ್ನಾಗಿ ಗಾಡಿ ಓಡಿಸ್ತೀರೇನಮ್ಮ?" ಗಣಪಯ್ಯ ಕೇಳಿದರು.

"ತಾಲೂಕಿನ ಎಲ್ಲಾ ಪಿಕಪ್ಪಿನ ಸ್ಟೇರಿಂಗ್ ತಿರುಗ್ಸಿದೀನಿ. ಒಂದಾದ್ರೂ ನನ್ನನ್ನ ಗುಡವಿ ಹಕ್ಕಿಧಾಮದ ತನಕ ಕರ್ಕೊಂಡು ಹೋಗಿಲ್ಲ ನೋಡ್ರಿ."

ಹೇಳಿ, "ಎಡಕ್ಕೆ" ಎಂಬ ಮಾತಿಗೆ ಕಾದಳು. ಗಾಡಿಯಡಿ ಸ್ಪ್ಯಾನರ್ ಕೆಳಗಿಟ್ಟ ಸದ್ದಾಯಿತು. ಆಮೇಲೆ ಚೌಡಪ್ಪನ ದನಿ ಬಂತು:

"ಹೋಗಿ ಗ್ಯಾಸ್ ಪೂರ್ತಿ ಆರಿಸಿ ಬಾ. ಟ್ರಯಲ್ ನೋಡಕ್ಕೆ ಗುಡವಿ ಕಡೆಗೇ ಹೋಗನ."