ಗಾಳಿ ಉಜ್ಜುವ ಗೋಡೆ, ನಳಿನಾಕ್ಷಿಯ ಬೆರಳು

ಘಣಸೋಲಿಯ ಗಾಳಿಸುರಂಗದಲ್ಲಿ ಇನ್ನೂ ಫ್ಯಾನ್ ತಿರುಗಿಲ್ಲ. ಬೆಳಕು ಹರಿಯುವ ಮೊದಲೇ ನಳಿನಾಕ್ಷಿ ಬಳೆ ಕಳಚಿಟ್ಟು, ಸುರಂಗದೊಳಗೆ ಬಗ್ಗಿ, ಲೋಹದ ಗೋಡೆಯ ಮೇಲೆ ತೋರುಬೆರಳು ಆಡಿಸುತ್ತಿದ್ದಾರೆ. ಪರೀಕ್ಷೆಯ ದಿನ ಅವರು ತಲೆಗೆ ಎಣ್ಣೆ ಹಚ್ಚುವುದಿಲ್ಲ. ಕೈಯ ಜಿಡ್ಡು ಗೋಡೆಗೆ ತಾಗಬಾರದು. ಗೋಡೆಯ ತೂತುಗಳಲ್ಲಿ ಬೆಂಕಿಕಡ್ಡಿಯ ತಲೆಯಷ್ಟೇ ದೊಡ್ಡ ಸೆನ್ಸರ್‌ಗಳು ಕೂತಿವೆ. ಒಂದು ಕೂದಲೆಳೆಯಷ್ಟು ಮೇಲೆದ್ದರೂ ಗಾಳಿ ಅದಕ್ಕೆ ಎಡವುತ್ತದೆ, ಲೆಕ್ಕ ಕೆಡುತ್ತದೆ.

ಬಿರುಸಿನ ಗಾಳಿ ಗೋಡೆಯ ಪಕ್ಕದಲ್ಲಿ ಹೊರಳಾಡುತ್ತ ಅದನ್ನು ಎಷ್ಟು ಒತ್ತುತ್ತದೆ, ಎಷ್ಟು ಉಜ್ಜುತ್ತದೆ ಎಂದು ಅಳೆಯುವುದೇ ಈ ಖಾಸಗಿ ಪ್ರಯೋಗಾಲಯದ ಕಸುಬು. ರೈಲು, ವಿಮಾನ ರೂಪಿಸುವವರಿಗೆ ಆ ಲೆಕ್ಕ ಬೇಕು. ನಳಿನಾಕ್ಷಿಗೆ ಇದನ್ನು ವಿವರಿಸಲು ಪುಸ್ತಕ ಬೇಡ. "ಕಾವಲಿಗೆ ದೋಸೆ ಹಿಟ್ಟು ಹೊಯ್ದ ಹಾಗೆ. ಅಡಿಯದ್ದು ಅಂಟಿ ಕೂತ್ಕೊಳ್ತದೆ, ಮೇಲಿನದ್ದು ಸೌಟಿನೊಟ್ಟಿಗೆ ಓಡ್ತದೆ. ನಡುವಿನ ಎಳೆದಾಟ ಉಂಟಲ್ಲ, ಅದನ್ನು ನಾವು ಅಳೆಯುದು."

ಕಾವಲಿ ಅವರಿಗೆ ಹೊಸದಲ್ಲ. ಉಡುಪಿ ಕಡೆಯ ಅಪ್ಪ ಊರು ಬಿಟ್ಟು ಬಂದು ಮಾಜಿವಾಡಾದಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದರು. ಮಗಳು ಐಟಿಐ ಓದಿ, ಇಲ್ಲಿ ತಂತಿ ಬೆಸೆಯಲು ಸೇರಿದವರು ಗೋಡೆಗೆ ಸೆನ್ಸರ್ ಕೂರಿಸುವ ಕೆಲಸದ ತನಕ ಬಂದರು. ಮನೆ ಕೋಪರಖೈರಣೆಯಲ್ಲಿ, ಲೋಕಲ್ ರೈಲಿನಲ್ಲಿ ಒಂದೇ ಸ್ಟೇಷನ್ನು. ಹೆದ್ದಾರಿಯಲ್ಲಿ ಲಾರಿಗಳ ಸಾಲು ಶುರುವಾದರೆ ಅದರ ನಡುಕವನ್ನೂ ಸೆನ್ಸರ್ ಕೇಳಿಸಿಕೊಳ್ಳುತ್ತದೆ. ಅದಕ್ಕೇ ಈ ಮುಂಜಾನೆಯ ಗಡಿಬಿಡಿ.

ಈಚೆಗೆ ಅವರಿಗೆ ಸಮಾಧಾನವೇ ಇಲ್ಲ. ಶುಗರ್‌ನಿಂದಾಗಿ ಬೆರಳ ತುದಿ ಮರಗಟ್ಟುತ್ತಿದೆ. ಆಫೀಸಿಗೆ ಹೇಳಿಬಿಡು ಎನ್ನುತ್ತಾರೆ ಗಂಡ ವಾಸು. ಹೇಳಿದರೆ ಸ್ಟೋರಿನಲ್ಲಿ ಕೂರಿಸುತ್ತಾರೆ ಎಂಬ ಹೆದರಿಕೆ ಇವರದು.

ಇವತ್ತಿನ ಪರೀಕ್ಷೆ ಸಲೀಸಾಗಿ ಮುಗಿಯುತ್ತದೆ. ಪರದೆಯ ಮೇಲೆ ಬಂದ ಗೆರೆ ಎಂಜಿನಿಯರ್ ಅಪರ್ಣಾಗೂ ಒಪ್ಪಿಗೆಯಾಗಿದೆ, ವರದಿ ಇವತ್ತೇ ಗ್ರಾಹಕರಿಗೆ ಹೋಗಬೇಕು. ನಳಿನಾಕ್ಷಿಗೆ ಮಾತ್ರ ಕೂರಲಾಗುವುದಿಲ್ಲ. ನೀರು ಕುಡಿಯಲು ಹೋಗುತ್ತಾರೆ, ಕುಡಿಯದೆ ಬರುತ್ತಾರೆ. ಬಳೆ ತೊಟ್ಟು ಮತ್ತೆ ಕಳಚುತ್ತಾರೆ. ಕೊನೆಗೆ ತಡೆಯಲಾರದೆ ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿಯುತ್ತಾರೆ. ಒಂದು ಸೆನ್ಸರಿನ ಹಿಂದೆ ತೆಳ್ಳನೆಯ ನೆರಳು ಬಿದ್ದಿದೆ.

ಅದನ್ನು ಇನ್ಯಾರೂ ನೋಡಿಲ್ಲ. ಸುಮ್ಮನಿದ್ದರೆ ದಿನ ಹೇಗೂ ಕಳೆಯುತ್ತದೆ. ನಳಿನಾಕ್ಷಿ ಟಾರ್ಚು ಆರಿಸದೆ ಅಪರ್ಣಾಳನ್ನು ಕರೆಯುತ್ತಾರೆ.

"ಮೇಡಂ, ಒಂದು ಎದ್ದು ಕೂತಿದೆ. ತಪ್ಪು ನನ್ನದು. ಬೆರಳಿಗೆ ಗೊತ್ತಾಗ್ಲಿಲ್ಲ. ಈಗೀಗ ಗೊತ್ತಾಗುದೇ ಇಲ್ಲ."

ಅಪರ್ಣಾ ಈ ಹಿಂದಿ-ಮರಾಠಿ ಊರಿನಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡ ಅರ್ಧ ದಾರಿಯಲ್ಲೇ ಕೈಕೊಡುತ್ತದೆ. ಟಾರ್ಚು ಇಸಿದುಕೊಂಡು ತಾನೂ ಬಗ್ಗಿ ನೋಡುತ್ತಾಳೆ. ಪರದೆಯ ಗೆರೆಯನ್ನು ಅಳಿಸುತ್ತಾಳೆ. ಗ್ರಾಹಕರಿಗೆ ಫೋನ್ ಮಾಡಿ ಬೈಸಿಕೊಳ್ಳುವ ಪಾಳಿಯೂ ಅವಳದೇ.

"ನಾಳೆ ಫಿರ್ ಸೇ ಮಾಡೋಣ, ನಳಿನಕ್ಕ. ಪೆಹಲೇ ಟಾರ್ಚ್, ಆಮೇಲೆ ಬೆರಳು."

ಸ್ಟೋರಿನ ಮಾತು ಇವತ್ತು ಬರಲಿಲ್ಲ. ನಾಳೆ ಬಂದರೂ ಬರಬಹುದು. ಹೊರಗೆ ಲಾರಿಗಳ ಸದ್ದು ಏರಿದೆ. ನಳಿನಾಕ್ಷಿ ಆ ಸೆನ್ಸರನ್ನು ಬಿಚ್ಚಿ ಮತ್ತೆ ಕೂರಿಸುತ್ತಾರೆ, ಟಾರ್ಚು ಹಿಡಿದು ನೋಡುತ್ತಾರೆ, ಆಮೇಲೆ ಅಭ್ಯಾಸಬಲದಿಂದ ಬೆರಳನ್ನೂ ಆಡಿಸುತ್ತಾರೆ. ನಿವೃತ್ತಿಯ ತನಕ ಈ ಗೋಡೆಯ ಹತ್ತಿರವೇ ಇರಬೇಕೆಂಬುದೊಂದೇ ಅವರ ಆಸೆ.

"ಗೊತ್ತಾಗದಿದ್ರೆ ಗೊತ್ತಾಗ್ಲಿಲ್ಲ ಅಂತ ಹೇಳ್ತೇನೆ," ಎನ್ನುತ್ತಾರೆ ಬಳೆ ತೊಡುತ್ತ. "ಅಷ್ಟು ಹೇಳ್ಲಿಕ್ಕೆ ಬಾಯಿ ಇರುವಷ್ಟು ದಿನ ಈ ಕೆಲಸ ನನ್ನದೇ."