ಪುಂಗ್ ನುಡಿಸುವವರು ನಮ್ಮ ಹೋಟೆಲಿಗೆ ಬಂದ ದಿನ

ನಾನು ಚಿಕ್ಕವಳಿದ್ದಾಗ ನಾಸಿಕದ ಪಂಚವಟಿಯಲ್ಲಿ ನಮಗೆ ಬೆಳಗಾಗುತ್ತಿದ್ದುದು ಹೋಟೆಲಿನ ರುಬ್ಬುವ ಕಲ್ಲಿನ ಸದ್ದಿಗೆ. ಕೆಳಗೆ ಹೋಟೆಲು, ಮೇಲೆ ನಮ್ಮ ಮನೆ. ಸಾಂಬಾರಿನ ಘಮ, ಕಾಫಿಯ ಘಮ, ಹುಳಿ ಬಂದ ದೋಸೆ ಹಿಟ್ಟಿನ ವಾಸನೆ ಎಲ್ಲವೂ ಮರದ ಮೆಟ್ಟಿಲು ಹತ್ತಿ ಹಾಸಿಗೆಯವರೆಗೆ ಬರುತ್ತಿದ್ದವು. ಕಿಟಕಿ ತೆರೆದರೆ ಗೋದಾವರಿ, ಘಾಟಿನ ಮೇಲೆ ಒಣಗುವ ಧೋತರಗಳು, ಚೆಂಡುಹೂವಿನ ರಾಶಿ, ಗಿರಾಕಿಗಳನ್ನು ಕೂಗಿ ಕರೆಯುವ ಟಾಂಗಾದವರು. ಅಪ್ಪ ಕುಂದಾಪುರದ ಕಡೆಯಿಂದ ಬಂದು ಆ ಹೋಟೆಲು ಹಾಕಿದ್ದರು. ಅಪ್ಪನ ಅಮ್ಮ, ಅಂದರೆ ನಮ್ಮ ಅಜ್ಜಿ, ಮಗನ ಜೊತೆ ಬಂದು ವರ್ಷಗಳಾದರೂ ಮರಾಠಿಯಲ್ಲಿ ‘ಪಾಣಿ’ ಬಿಟ್ಟು ಬೇರೇನೂ ಕಲಿತಿರಲಿಲ್ಲ. ಕಲಿಯುವ ಅವಸರವೂ ಅವಳಿಗಿರಲಿಲ್ಲ. ತರಕಾರಿಯವಳ ಹತ್ತಿರ ಕುಂದಾಪುರದ ಕನ್ನಡದಲ್ಲೇ ಚೌಕಾಸಿ ಮಾಡಿ ಗೆದ್ದು ಬರುತ್ತಿದ್ದಳು. ಹುಡುಗಿಗೆ ಆ ಕನ್ನಡದಲ್ಲಿ ‘ಹೆಣೆ’ ಎನ್ನುತ್ತಾರೆ, ನನ್ನನ್ನು ಅವಳು ಕರೆಯುತ್ತಿದ್ದುದೂ ಹಾಗೆಯೇ.

ಒಂದು ಚಳಿಗಾಲದ ಬೆಳಿಗ್ಗೆ ಹೋಟೆಲಿನ ಮುಂದೆ ಲಾರಿಯೊಂದು ಬಂದು ನಿಂತಿತು. ಇಳಿದವರೆಲ್ಲ ಬಿಳಿ ಧೋತರ ಉಟ್ಟವರು, ಕೊರಳಲ್ಲಿ ತುಳಸಿಮಣಿ, ಮೂಗಿನಿಂದ ಹಣೆಯವರೆಗೆ ಚಂದನದ ಗೆರೆ. ಇವರು ಮಣಿಪುರದ ಮೈತೇಯಿ ಜನ, ರೈಲಿನಲ್ಲಿ ದಿನಗಟ್ಟಲೆ ಕೂತು ಬಂದಿದ್ದಾರೆ ಎಂದು ಅಪ್ಪ ಹೇಳಿದರು. ಆ ಸಂಜೆ ನಾಸಿಕದಲ್ಲಿ ಅವರ ಕಾರ್ಯಕ್ರಮ. ಮರುದಿನ ಮುಂಬಯಿಗೆ ಹೋಗಿ, ಅಲ್ಲಿಂದ ವಿಮಾನ ಹತ್ತಿ ಪರದೇಶಕ್ಕೆ. ಅಲ್ಲಿಯವರು ತಾವಾಗಿಯೇ ಕರೆಸಿಕೊಂಡಿದ್ದಾರೆ ಎಂದಾಗ ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಆಗ ನಮ್ಮ ಗಲ್ಲಿಯಲ್ಲಿ ವಿಮಾನ ಹತ್ತಿದವರು ಒಬ್ಬರೂ ಇರಲಿಲ್ಲ. ಹತ್ತಿರದಲ್ಲೇ ವಿಮಾನ ಕಾರ್ಖಾನೆಯಿದ್ದ ಓಝರ್ ಕಡೆಯಿಂದ ವಿಮಾನ ಹಾರಿದ ಸದ್ದು ಕೇಳಿದರೆ ಸಾಕು, ನಾವೆಲ್ಲ ಮಾಳಿಗೆಗೆ ಓಡುತ್ತಿದ್ದೆವು.

ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಊಟ ಬೇಕೆಂದು ಕಾರ್ಯಕ್ರಮದವರು ಅಪ್ಪನನ್ನು ಹುಡುಕಿಕೊಂಡು ಬಂದಿದ್ದರು. ಅಂಥ ಅಡುಗೆ ನಮ್ಮ ಮನೆಯಲ್ಲಿ ದಿನನಿತ್ಯದ್ದೇ. ಅನ್ನ, ತೊವ್ವೆ, ಕುಂಬಳಕಾಯಿ ಹುಳಿ, ಹೆಸರುಬೇಳೆ ಪಾಯಸ ಎಲ್ಲ ಹೊಸ ಪಾತ್ರೆಗಳಲ್ಲಿ ತಯಾರಾದವು. ಅಜ್ಜಿ ಅವರ ಹಣೆಯ ಗೆರೆಯನ್ನೂ ತುಳಸಿಮಣಿಯನ್ನೂ ನೋಡಿ ನೋಡಿ, “ಇವ್ರೂ ನಮ್ ಕೃಷ್ಣನ ಕಡಿಯೋರೇ ಕಾಣ್ ಹೆಣೆ” ಎಂದು ನನ್ನ ಕಿವಿಯಲ್ಲಿ ಹೇಳಿ, ತುಪ್ಪದ ಮಿಳ್ಳೆ ಹಿಡಿದು ತಾನೇ ಬಡಿಸಲು ನಿಂತಳು. ಯಾರು ಬೇಡವೆಂದು ಕೈ ಅಡ್ಡ ಹಿಡಿದರೂ ಅವಳು ಬೆರಳ ಸಂದಿಯಿಂದ ತುಪ್ಪ ಹಾಕದೆ ಬಿಡುತ್ತಿರಲಿಲ್ಲ.

ನನ್ನ ಕಣ್ಣೆಲ್ಲ ಅವರ ಡೋಲುಗಳ ಮೇಲೆ. ಅದಕ್ಕೆ ಅವರು ಪುಂಗ್ ಎನ್ನುತ್ತಿದ್ದರು. ನಮ್ಮ ಕಡೆಯ ಮದ್ದಳೆಯಂಥದೇ, ಆದರೆ ಮೈತುಂಬ ಬಿಳಿ ಬಟ್ಟೆ ಸುತ್ತಿತ್ತು. ನಾನು ಮೆಲ್ಲಗೆ ಹೋಗಿ ಬೆರಳಿನಿಂದ ತಟ್ಟಿದೆ. ತಂಡದ ಹಿರಿಯರು, ತೆಳ್ಳಗಿನ ಮುದುಕರು, ನನ್ನ ಕೈ ಹಿಡಿದು ನಿಲ್ಲಿಸಿದರು. ಬಯ್ಯಲಿಲ್ಲ. ನನ್ನ ಕೈಯನ್ನು ಪುಂಗ್‌ಗೆ ಮುಟ್ಟಿಸಿ, ಆಮೇಲೆ ನನ್ನ ಹಣೆಗೆ ಒತ್ತಿಸಿ, ಈಗ ತಟ್ಟು ಎಂದು ಕಣ್ಣಿನಲ್ಲೇ ಹೇಳಿದರು. ನಾನು ತಟ್ಟಿದೆ. ಚರ್ಮ ತಣ್ಣಗಿತ್ತು, ಸದ್ದು ಬೆಚ್ಚಗಿತ್ತು. ಆ ಮುದುಕರು ನನಗೆ ಆ ಕ್ಷಣದಲ್ಲೇ ತುಂಬ ಇಷ್ಟವಾಗಿಬಿಟ್ಟರು.

ಆದರೆ ಅವರು ಸರಿಯಾಗಿ ಊಟ ಮಾಡಲೇ ಇಲ್ಲ. ಅಡುಗೆ ಹಿಡಿಸಲಿಲ್ಲವೇನೋ ಎಂದು ಅಪ್ಪ ಪೆಚ್ಚಾದರು. ತಂಡದಲ್ಲಿ ಹಿಂದಿ ಬಲ್ಲ ಒಬ್ಬ ತರುಣನಿದ್ದ. ಅವನು ಅಪ್ಪನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದ. ಹಿರಿಯರು ಪರದೇಶಕ್ಕೆ ಬರುವುದಿಲ್ಲ ಎನ್ನುತ್ತಿದ್ದರಂತೆ. ಅವರಿಲ್ಲದೆ ತಂಡ ಹೋಗುವಂತಿಲ್ಲ, ಉಳಿದವರೆಲ್ಲ ಅವರ ಶಿಷ್ಯರು. ಅವರ ಊರಿನಲ್ಲಿ ಪುಂಗ್ ನುಡಿಸುತ್ತಾ ಕುಣಿಯುವುದೆಂದರೆ ಅದು ಪೂಜೆ. ಮಗುವಿನ ಕಿವಿ ಚುಚ್ಚುವಾಗ, ಮದುವೆಯಲ್ಲಿ, ಸತ್ತವರ ಶ್ರಾದ್ಧದಲ್ಲಿ, ಎಲ್ಲದಕ್ಕೂ ಪುಂಗ್ ಬೇಕು. ಆದರೆ ಊರು ಬಿಟ್ಟು ಹೊರಟಲ್ಲಿಂದ ಜನ ಅದನ್ನು ಸರ್ಕಸ್ ನೋಡಿದಂತೆ ನೋಡುತ್ತಿದ್ದಾರೆ. ನಮ್ಮ ದೇಶದಲ್ಲೇ ಹೀಗಾದರೆ, ಸಮುದ್ರದಾಚೆ ಇದನ್ನು ಪೂಜೆ ಎಂದು ಯಾರು ತಿಳಿದಾರು ಎಂಬುದು ಹಿರಿಯರ ಸಂಕಟ. ನಾಸಿಕದ ಸಂಜೆ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದಿದ್ದರಂತೆ.

ಸಂಜೆ ಅಪ್ಪ ಅಜ್ಜಿಯನ್ನೂ ನನ್ನನ್ನೂ ಸಭಾಗೃಹಕ್ಕೆ ಕರೆದೊಯ್ದರು. ಮುಂದಿನ ಸಾಲುಗಳಲ್ಲಿ ದೊಡ್ಡ ದೊಡ್ಡ ಸಾಹೇಬರು, ಅವರ ಹಿಂದೆಯೇ ನಾವು. ಅತ್ತರಿನ ವಾಸನೆ, ಹುರಿದ ಶೇಂಗಾ ವಾಸನೆ, ಇಸ್ತ್ರಿ ಮಾಡಿದ ಕೋಟುಗಳ ವಾಸನೆ. ಅಪ್ಪ ಪದೇ ಪದೇ ಟೋಪಿ ಸರಿಮಾಡಿಕೊಳ್ಳುತ್ತಿದ್ದರು. ಊಟ ಹಾಕಿದವರು ಇವರೇ ಎಂದು ಯಾರೋ ಸಾಹೇಬರಿಗೆ ತೋರಿಸಿದ್ದರು ನೋಡಿ, ಅದಕ್ಕೇ.

ಪರದೆ ಸರಿಯಿತು. ಬಿಳಿ ಪೇಟ ಸುತ್ತಿದವರು ಸಾಲಾಗಿ ಬಂದು ಮೊದಲು ನೆಲಕ್ಕೆ ನಮಸ್ಕರಿಸಿದರು. ಪುಂಗ್ ಎಷ್ಟು ಮೆಲ್ಲಗೆ ಶುರುವಾಯಿತೆಂದರೆ ಎಲ್ಲೋ ದೂರದ ಮಳೆ ಇರಬೇಕು ಎನಿಸಿತು. ನಿಧಾನಕ್ಕೆ ಅದು ಹತ್ತಿರ ಬಂತು. ಬೆರಳುಗಳು ಕಣ್ಣಿಗೆ ಕಾಣದಷ್ಟು ವೇಗವಾದವು. ಆಮೇಲೆ ಒಬ್ಬೊಬ್ಬರೇ ಪುಂಗ್ ನುಡಿಸುತ್ತಲೇ ಮೇಲಕ್ಕೆ ಹಾರಿ, ಗಾಳಿಯಲ್ಲೇ ಒಂದು ಸುತ್ತು ತಿರುಗಿ, ಸದ್ದೇ ಇಲ್ಲದೆ ಕೆಳಗಿಳಿದರು. ಒಂದು ಪೆಟ್ಟೂ ತಪ್ಪಲಿಲ್ಲ. ಬೆಳಿಗ್ಗೆ ಹೋಟೆಲಿನ ಮೆಟ್ಟಿಲಿಳಿಯಲು ಗೋಡೆ ಹಿಡಿದಿದ್ದ ಆ ಮುದುಕರು ಎಲ್ಲರಿಗಿಂತ ಹಗುರವಾಗಿ ಹಾರಿದರು! ಜನಕ್ಕೆ ಹುಚ್ಚು ಹಿಡಿಯಿತು. ಹಿಂದಿನಿಂದ ಸಿಳ್ಳೆ, “ವನ್ಸ್ ಮೋರ್, ವನ್ಸ್ ಮೋರ್” ಎಂಬ ಕೂಗು. ಇಲ್ಲಿಯವರು ಇಷ್ಟವಾದ ನಾಟಕಕ್ಕೆ ಹಾಗೇ ಕೂಗುತ್ತಾರೆ, ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಆದರೆ ಕೂಗು ಎದ್ದಂತೆಲ್ಲ ಹಿರಿಯರ ಮುಖ ಬಾಡುತ್ತಾ ಬಂತು. ಹೋಯಿತು, ಇವರು ನಾಳೆ ವಾಪಸು ಹೊರಟೇಬಿಡುತ್ತಾರೆ ಎಂದುಕೊಂಡೆ.

ಪಕ್ಕಕ್ಕೆ ತಿರುಗಿದರೆ ಅಜ್ಜಿ ಎದ್ದು ನಿಂತಿದ್ದಾಳೆ. ಸೆರಗು ಹೊದ್ದಿದ್ದಾಳೆ, ಕಣ್ಣಲ್ಲಿ ನೀರು ಸುರಿಯುತ್ತಿದೆ. “ಹೆಣೆ, ಆ ಅಜ್ಜಯ್ಯನ ಮೈಮೇಲೆ ದೇವ್ರ್ ಬಂದಿತ್. ನಂಗೆ ಅಲ್ಲಿಗ್ ಹೋಯ್ಕ್, ಕೈ ಹಿಡ್ಕೋ” ಎಂದಳು. ನಮ್ಮ ಊರ ಕಡೆ ದೇವರು ಮೈಮೇಲೆ ಬಂದರೆ ಜನ ಎದುರಿಗೆ ಹೋಗಿ ಕೈ ಮುಗಿಯುತ್ತಾರೆ. ಇದೂ ಅದೇ ಎಂದು ಅವಳು ತಿಳಿದುಬಿಟ್ಟಳು. ಅಪ್ಪ ಸೆರಗು ಹಿಡಿದು ಕೂರಿಸಲು ನೋಡಿದರು, ಸಿಕ್ಕಲಿಲ್ಲ. ಕತ್ತಲಲ್ಲಿ ಅಜ್ಜಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಹಾಗಾಗಿ ನಾನು ಕೈ ಹಿಡಿದೆ. ಸಾಹೇಬರ ಕಾಲುಗಳನ್ನು ದಾಟಿಕೊಂಡು ಹೊರಟೆವು. “ಅಹೋ ಆಜಿ, ಬಸಾ ನಾ!” ಎಂದು ಯಾರೋ ಅಜ್ಜಿಗೆ ಕೂರಲು ಹೇಳಿ ಗದರಿದರು. ಯಾರೋ ನಕ್ಕರು. ಅಜ್ಜಿಗೆ ಮರಾಠಿ ಬರದೇ ಇದ್ದುದು ಅಂದು ಒಳ್ಳೆಯದೇ ಆಯಿತು.

ಬದಿಯ ಮೆಟ್ಟಿಲು ಹತ್ತಿ ರಂಗದ ಮೇಲೆ ಹೋದ ಅಜ್ಜಿ ನನ್ನ ಕೈ ಬಿಡಿಸಿಕೊಂಡು, ಹಿರಿಯರ ಎದುರು ಮಂಡಿಯೂರಿ ಹಣೆಯನ್ನು ನೆಲಕ್ಕೆ ಹಚ್ಚಿದಳು. ಸಭೆ ಗಪ್ಪಾಯಿತು. ಹಿರಿಯರ ಕೈ ನಿಂತಿತು, ಉಳಿದವರು ಮಾತ್ರ ತಾಳ ಬಿಡದೆ ಮೆಲ್ಲಗೆ ನುಡಿಸುತ್ತಲೇ ಇದ್ದರು. ಹಿರಿಯರು ಕೊರಳಲ್ಲಿ ಪುಂಗ್ ಇದ್ದ ಹಾಗೆಯೇ ಮಂಡಿಯೂರಿದರು, ತಾವೂ ಹಣೆಯನ್ನು ನೆಲಕ್ಕೆ ಹಚ್ಚಿದರು. ಅಜ್ಜಿಯ ಸೆರಗಿನ ತಲೆ, ಅವರ ಬಿಳಿ ಪೇಟದ ತಲೆ, ಎದುರುಬದುರು. ನಾನು ಅಲ್ಲೇ ಪಕ್ಕದಲ್ಲಿ ನಿಂತು ನೋಡಿದೆ. ಜೀವನದಲ್ಲಿ ಅಷ್ಟು ಚೆಂದದ್ದನ್ನು ನಾನು ಮತ್ತೆ ಹೆಚ್ಚೇನೂ ನೋಡಿಲ್ಲ, ಮಕ್ಕಳೇ. ಆಮೇಲೆ ಅವರು ಎದ್ದು ಮತ್ತೆ ಪುಂಗ್ ಮುಟ್ಟಿದಾಗ ಒಂದೇ ಒಂದು ಸಿಳ್ಳೆ ಬರಲಿಲ್ಲ. ಕೊನೆಯವರೆಗೂ ಜನ ಉಸಿರು ಬಿಗಿಹಿಡಿದು ಕೇಳಿದರು.

ಮುಗಿದ ಕೂಡಲೇ ಅಪ್ಪ ರಂಗದ ಹಿಂದೆ ಓಡಿಬಂದು ಕೈ ಜೋಡಿಸಿ ಕ್ಷಮೆ ಕೇಳತೊಡಗಿದರು. ಹಿಂದಿ ಬಲ್ಲ ತರುಣ ನಗುತ್ತಾ ಅಳುತ್ತಾ ಅವರ ಕೈ ಹಿಡಿದುಕೊಂಡ. ಅವರ ಊರಿನಲ್ಲಿ ಹೀಗೆಯೇ ನಡೆಯುತ್ತದಂತೆ! ಕೇಳುತ್ತಾ ಕೂತವರಲ್ಲಿ ಯಾರ ಮನಸ್ಸು ಕರಗುತ್ತದೋ ಅವರು ಎದ್ದು ಬಂದು ನುಡಿಸುವವರಿಗೆ ಅಡ್ಡಬೀಳುತ್ತಾರೆ, ನುಡಿಸುವವರು ತಿರುಗಿ ಅವರಿಗೆ ಅಡ್ಡಬೀಳುತ್ತಾರೆ. ಇಬ್ಬರೊಳಗೂ ಇರುವುದು ಒಬ್ಬನೇ ಕೃಷ್ಣ ಎಂದು ಅವರ ನಂಬಿಕೆ. ಮನೆ ಬಿಟ್ಟ ಮೇಲೆ ಹಿರಿಯರಿಗೆ ಅಂಥ ನಮಸ್ಕಾರ ಸಿಕ್ಕಿದ್ದು ಅದೇ ಮೊದಲು. ನಮ್ಮ ಪದ್ಧತಿಯನ್ನು ಈ ತಾಯಿಗೆ ಯಾರು ಹೇಳಿಕೊಟ್ಟರು ಎಂದು ಹಿರಿಯರು ತರುಣನ ಮೂಲಕ ಕೇಳಿದರು. ಅಪ್ಪ ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದರು.

“ಇದೆಂತ ಪ್ರಶ್ನೆ ಮಾರಾಯಾ? ದೇವ್ರ್ ಕಂಡಲ್ಲಿ ತಲೆ ಬಗ್ಗ್ಸುಕೆ ಯಾರಾರೂ ಹೇಳ್ಕೊಡ್ಕಾ?” ಎಂದಳು ಅಜ್ಜಿ.

ಈ ಮಾತು ಕನ್ನಡದಿಂದ ಹಿಂದಿಗೆ, ಹಿಂದಿಯಿಂದ ಮೈತೇಯಿ ಭಾಷೆಗೆ ಹೋಗಿ ಮುಟ್ಟುವವರೆಗೆ ಹಿರಿಯರು ಅಜ್ಜಿಯ ಮುಖವನ್ನೇ ನೋಡುತ್ತಿದ್ದರು. ಕೇಳಿ ಗಟ್ಟಿಯಾಗಿ ನಕ್ಕರು. “ಹಾಗಾದರೆ ಅಲ್ಲಿಯೂ ಒಬ್ಬ ಅಜ್ಜಿ ಇರುತ್ತಾಳೆ, ಹೋಗೋಣ” ಎಂದರಂತೆ. ತರುಣರೆಲ್ಲ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಮರುದಿನ ಬೆಳಿಗ್ಗೆ ಅಪ್ಪ ಅವರ ಬುತ್ತಿಗೆ ಇಡ್ಲಿ ಕಟ್ಟಿ ಕಳಿಸಿದರು.

ಕೆಲವು ವಾರಗಳ ನಂತರ ಮರಾಠಿ ಪೇಪರಿನಲ್ಲಿ ಅವರ ಫೋಟೋ ಬಂತು. ಯಾವುದೋ ದೂರದ ದೇಶದಲ್ಲಿ, ಬಿಳಿ ಪೇಟದವರು ಗಾಳಿಯಲ್ಲಿ ಹಾರುತ್ತಿರುವ ಫೋಟೋ. ಅಲ್ಲಿಯ ಜನ ಎದ್ದು ನಿಂತು ಗೌರವಿಸಿದರು ಎಂದು ಅಪ್ಪ ಓದಿ ಹೇಳಿದರು. ಅಜ್ಜಿ ಪೇಪರನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, “ಯಾರಾರೂ ರಂಗದ್ ಮೇಲೆ ಹತ್ತಿ ಅಡ್ಡಬಿದ್ರಂಬ್ರಾ?” ಎಂದು ಕೇಳಿದಳು. ಪೇಪರಿನಲ್ಲಿ ಅದನ್ನೆಲ್ಲ ಬರೆಯುವುದಿಲ್ಲ ಅಮ್ಮಾ ಎಂದರು ಅಪ್ಪ.

ಈಗ ನೋಡಿ, ನಾನು ಸಂಭಾಜಿನಗರದಲ್ಲಿ ನಿಮ್ಮ ಜೊತೆ ಇದ್ದೇನೆ. ನನ್ನ ಮಗ, ನಿಮ್ಮ ಅಪ್ಪ, ಊರಾಚೆಯ ಶೇಂದ್ರಾದ ಕಾರ್ಖಾನೆಗೆ ಹೋಗಿ ಬರುತ್ತಾನೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ನೀವು ಮರಾಠಿಯಲ್ಲಿ ಉತ್ತರ ಕೊಡುತ್ತೀರಿ, ನನಗೇನೂ ಬೇಸರವಿಲ್ಲ. ಹೀಗೆ ಪುಂಗ್ ನುಡಿಸಿ ಕುಣಿಯುವ ಮಣಿಪುರದ ಸಂಕೀರ್ತನೆ ಈಗ ಇಡೀ ಜಗತ್ತೇ ಕಾಪಾಡಬೇಕಾದ ಪರಂಪರೆಗಳ ಸಾಲಿಗೆ ಸೇರಿದೆ ಎಂದು ನೀವೇ ಫೋನಿನಲ್ಲಿ ಓದಿ ಹೇಳಿದಿರಿ. ಅದನ್ನು ಕೇಳಿ ನನ್ನ ಎದೆ ತುಂಬಿ ಬಂತು. ನಾವು ಒಂದು ಪೆಟ್ಟು ಕೇಳಲು ಲಾರಿ ಬರುವವರೆಗೆ ಕಾಯಬೇಕಿತ್ತು. ನಿಮಗೆ ಬೆರಳು ಮುಟ್ಟಿಸಿದರೆ ಸಾಕು, ಇಂಫಾಲದ ಪುಂಗ್ ಅಡುಗೆಮನೆಯವರೆಗೆ ಕೇಳುತ್ತದೆ. ಇಷ್ಟವಾದರೆ ಕೆಂಪು ಹೃದಯ ಒತ್ತುತ್ತೀರಿ. ಒತ್ತಿ, ಅದೂ ಒಂದು ನಮಸ್ಕಾರವೇ ಇರಬಹುದು.

ಆದರೆ ಬರುವ ತಿಂಗಳು ಮಣಿಪುರದ ತಂಡವೊಂದು ನಮ್ಮ ಊರಿಗೇ ಬರುತ್ತಿದೆಯಂತೆ. ನನ್ನ ಮಂಡಿ ಈಗ ಮಾತು ಕೇಳುವುದಿಲ್ಲ, ಕತ್ತಲಲ್ಲಿ ಕಣ್ಣೂ ಮಂಜು. ರಂಗದ ಮೆಟ್ಟಿಲು ಹತ್ತುವಾಗ ನನ್ನ ಕೈ ಹಿಡಿಯುವವರು ಯಾರು ಎಂದು ನೀವು ಈಗಲೇ ಜಗಳವಾಡಿ ತೀರ್ಮಾನಿಸಿಕೊಳ್ಳಿ.